ಕಾಶಿಯ ಚಿತ್ರ ತಿದ್ದುವಾಗ ಎಐ ಕೈಕೊಟ್ಟರೆ

ವಾರಾಣಸಿಯಲ್ಲಿ ಗಂಗೆ ಉತ್ತರಕ್ಕೆ ತಿರುಗಿ ಹರಿಯುತ್ತಾಳೆ. ಘಾಟುಗಳೆಲ್ಲ ಪಶ್ಚಿಮದ ದಂಡೆಯಲ್ಲಿವೆ, ಎದುರು ದಂಡೆ ಬಯಲು. ಹಾಗಾಗಿ ಸೂರ್ಯನ ಮೊದಲ ಬೆಳಕು ಅಡ್ಡಿಯಿಲ್ಲದೆ ಮೆಟ್ಟಿಲುಗಳ ಮೇಲೆ ಬೀಳುತ್ತದೆ. ಛಾಯಾಗ್ರಾಹಕರಿಗೆ ಈ ಊರಿನ ಮೇಲೆ ಇಷ್ಟೊಂದು ಮೋಹವಿರುವುದು ಆ ಬೆಳಕಿನಿಂದಾಗಿ. ಅಸ್ಸಿ ಘಾಟಿನಲ್ಲಿ ದೋಣಿ ಹತ್ತಿ, ಕರ್ನಾಟಕ ಘಾಟ್, ಹರಿಶ್ಚಂದ್ರ, ಕೇದಾರ ದಾಟಿ ದಶಾಶ್ವಮೇಧ ತಲುಪುವಷ್ಟರಲ್ಲಿ ಮೆಮೊರಿ ಕಾರ್ಡ್ ತುಂಬಿರುತ್ತದೆ. ಮಧ್ಯಾಹ್ನ ಕೋಣೆಯಲ್ಲಿ ಕೂತು, ಚೌಕಟ್ಟಿಗೆ ಅಡ್ಡ ಬಂದ ವಿದ್ಯುತ್ ತಂತಿಯನ್ನು ಅಳಿಸಲು ಫೋಟೊಶಾಪ್‌ನ ಜನರೇಟಿವ್ ಫಿಲ್ ಒತ್ತಿದರೆ, ಪ್ರಗತಿ ತೋರಿಸುವ ಪಟ್ಟಿ ಅರ್ಧಕ್ಕೆ ನಿಲ್ಲುತ್ತದೆ, ದೋಷಸಂದೇಶ ಬರುತ್ತದೆ.

ಆಗ ಬಹಳ ಮಂದಿ ತಂತ್ರಾಂಶವನ್ನೇ ತೆಗೆದುಹಾಕಿ ಮತ್ತೆ ಸ್ಥಾಪಿಸಲು ಹೊರಡುತ್ತಾರೆ. ಅದು ಕಟ್ಟಕಡೆಗೆ ಮಾಡಬೇಕಾದ ಕೆಲಸ. ದೋಷ ಇರಬಹುದಾದ ಜಾಗಗಳು ಮೂರೇ: ನಮ್ಮ ಕಂಪ್ಯೂಟರ್, ನಡುವಿನ ದಾರಿ, ದೂರದ ಸರ್ವರ್. ಪ್ರತಿಯೊಂದೂ ತನ್ನದೇ ಗುರುತು ಬಿಡುತ್ತದೆ.

ಮೊದಲು ಕೇಳಿಕೊಳ್ಳಬೇಕಾದದ್ದು, ಕೆಟ್ಟಿರುವ ಸೌಲಭ್ಯ ಕ್ಲೌಡ್‌ನದೇ, ಅಂದರೆ ದೂರದ ಸರ್ವರ್‌ನಲ್ಲಿ ನಡೆಯುವುದೇ, ಇಲ್ಲವೇ ನಮ್ಮ ಯಂತ್ರದ್ದೇ ಎಂದು. ಫೋಟೊಶಾಪ್‌ಗೆ 2010ರಲ್ಲಿ ಬಂದ ಕಂಟೆಂಟ್ ಅವೇರ್ ಫಿಲ್, ಚಿತ್ರದ ಒಂದು ಭಾಗದ ಚೂರುಗಳನ್ನು ಆಯ್ದು ಇನ್ನೊಂದು ಭಾಗವನ್ನು ತುಂಬುತ್ತದೆ. ಅದಕ್ಕೆ ಇಂಟರ್ನೆಟ್ ಬೇಡ. 2023ರ ಏಪ್ರಿಲ್‌ನಲ್ಲಿ ಲೈಟ್‌ರೂಮ್‌ಗೆ ಸೇರಿದ ಎಐ ಡಿನಾಯ್ಸ್ ಕೂಡ ನಮ್ಮ ಕಂಪ್ಯೂಟರಿನ ಜಿಪಿಯು ಮೇಲೆಯೇ ಓಡುತ್ತದೆ. ಅದು ನಿಂತರೆ ನೋಡಬೇಕಾದದ್ದು ಗ್ರಾಫಿಕ್ಸ್ ಡ್ರೈವರ್ ಮತ್ತು ಮೆಮೊರಿ. ವೈಫೈ ಬದಲಿಸಿ ಫಲವಿಲ್ಲ. 2023ರ ಮೇ ತಿಂಗಳಲ್ಲಿ ಪ್ರಾಯೋಗಿಕವಾಗಿ ಬಂದ ಜನರೇಟಿವ್ ಫಿಲ್ ಬೇರೆ ಜಾತಿಯದು. ಅದರ ಹಿಂದಿರುವ ಫೈರ್‌ಫ್ಲೈ ಮಾದರಿ, ಗೊಂದಲದ ಚುಕ್ಕೆಗಳನ್ನು ಹಂತಹಂತವಾಗಿ ತಿಳಿಗೊಳಿಸಿ ಚಿತ್ರ ಕಟ್ಟುತ್ತದೆ. ಈ ಲೆಕ್ಕಾಚಾರ ನಡೆಯುವುದು ಫೋಟೊಶಾಪ್ ತಯಾರಿಸುವ ಅಡೋಬಿ ಕಂಪನಿಯ ಸರ್ವರ್‌ಗಳಲ್ಲಿ. ನಾವು ಆಯ್ದ ಜಾಗ, ಅದರ ಸುತ್ತಲಿನ ಪಿಕ್ಸೆಲ್‌ಗಳು ಮತ್ತು ನಾವು ಬರೆದ ಸೂಚನೆ ಗೂಢಲಿಪಿಯಲ್ಲಿ ಅಲ್ಲಿಗೆ ಹೋಗಿ, ಉತ್ತರ ಮರಳಿ ಬರಬೇಕು.

ವಾರಾಣಸಿಯಲ್ಲಿ ಮೊದಲ ಸಂಶಯ ದಾರಿಯ ಮೇಲೆ. ಹೊಸ ಜಾಲ ಇಲ್ಲಿಲ್ಲವೆಂದಲ್ಲ: 2022ರ ಅಕ್ಟೋಬರ್‌ನಲ್ಲಿ ದೇಶಕ್ಕೆ 5ಜಿ ಬಂದಾಗ ಅದನ್ನು ಮೊದಲು ಕಂಡ ನಗರಗಳಲ್ಲಿ ವಾರಾಣಸಿಯೂ ಒಂದು. ದೂರವೂ ಇಲ್ಲಿ ದೊಡ್ಡ ಅಡ್ಡಿಯಲ್ಲ. ಗಾಜಿನ ನಾರಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುವುದರಿಂದ, ಸಾವಿರಾರು ಕಿಲೋಮೀಟರ್ ಆಚೆಯ ಸರ್ವರ್‌ನ ಉತ್ತರವೂ ಸೆಕೆಂಡಿನ ಸಣ್ಣ ಭಾಗದಲ್ಲಿ ತಲುಪಬಲ್ಲದು. ಕಷ್ಟ ಇರುವುದು ಕೊನೆಯ ಕೆಲವು ನೂರು ಮೀಟರುಗಳಲ್ಲಿ. ಒಂದು ಮೊಬೈಲ್ ಗೋಪುರದ ರೇಡಿಯೊ ಸಾಮರ್ಥ್ಯವನ್ನು ಅದರ ವ್ಯಾಪ್ತಿಯ ಎಲ್ಲ ಫೋನ್‌ಗಳೂ ಹಂಚಿಕೊಳ್ಳುತ್ತವೆ. ಸಂಜೆಯ ಗಂಗಾ ಆರತಿಯ ಹೊತ್ತಿಗೆ, ಅದಕ್ಕಿಂತ ಹೆಚ್ಚಾಗಿ ಕಾರ್ತಿಕ ಹುಣ್ಣಿಮೆಯ ದೇವ ದೀಪಾವಳಿಯ ರಾತ್ರಿ, ದಂಡೆಯುದ್ದಕ್ಕೂ ಜನ ಒಟ್ಟಿಗೇ ವಿಡಿಯೊ ಕಳಿಸುತ್ತಿರುತ್ತಾರೆ. ಗೋಪುರ ಹತ್ತಾರು ವಾಟ್‌ಗಳಲ್ಲಿ ಪ್ರಸಾರ ಮಾಡಿದರೆ ಫೋನಿನ ಶಕ್ತಿ ಸಾಮಾನ್ಯವಾಗಿ 0.2 ವಾಟ್. ಹಳೆಯ ಊರಿನ ಗಲ್ಲಿಗಳಲ್ಲಿ ದಪ್ಪ ಕಲ್ಲುಗೋಡೆಗಳು ಆ ಕ್ಷೀಣ ಸಂಕೇತವನ್ನು ಇನ್ನಷ್ಟು ನುಂಗುತ್ತವೆ. ಆದ್ದರಿಂದಲೇ ಯೂಟ್ಯೂಬ್ ಸರಾಗವಾಗಿ ಓಡುವ ಕೋಣೆಯಲ್ಲೂ ಎಐ ಸೌಲಭ್ಯ ಸೋಲಬಹುದು: ವಿಡಿಯೊ ನೋಡಲು ಬೇಕಾದದ್ದು ಇಳಿದು ಬರುವ ವೇಗ, ಚಿತ್ರ ಕಳಿಸಲು ಬೇಕಾದದ್ದು ಏರಿ ಹೋಗುವ ವೇಗ.

ಲೆಕ್ಕ ಹಾಕಿ ನೋಡೋಣ. 24 ಮೆಗಾಪಿಕ್ಸೆಲ್‌ನ ಚಿತ್ರವನ್ನು ಪ್ರತಿ ಬಣ್ಣಕ್ಕೆ 16 ಬಿಟ್‌ನಂತೆ ಕುಗ್ಗಿಸದೆ ಇಟ್ಟರೆ 144 ಮೆಗಾಬೈಟ್ ಆಗುತ್ತದೆ. ಏರುವ ವೇಗ ಸೆಕೆಂಡಿಗೆ 2 ಮೆಗಾಬಿಟ್ ಮಾತ್ರ ಇದ್ದರೆ ಅದನ್ನು ಕ್ಲೌಡ್‌ಗೆ ಕಳಿಸಲು ಹತ್ತಿರಹತ್ತಿರ 10 ನಿಮಿಷ ಬೇಕು. ಜನರೇಟಿವ್ ಫಿಲ್ ಇಷ್ಟನ್ನೂ ಕಳಿಸುವುದಿಲ್ಲ ನಿಜ. ಆದರೆ ಹಿನ್ನೆಲೆಯಲ್ಲಿ ಫೋಟೊಗಳು ತಾವಾಗಿಯೇ ಕ್ಲೌಡ್‌ಗೆ ಏರುತ್ತಿದ್ದರೆ ದಾರಿ ಅವುಗಳಿಂದಲೇ ತುಂಬಿರುತ್ತದೆ. ಆ ಸಿಂಕ್ ನಿಲ್ಲಿಸಿ, ವೇಗಪರೀಕ್ಷೆಯಲ್ಲಿ ಅಪ್‌ಲೋಡ್ ಅಂಕಿಯನ್ನು ನೋಡಿ, ಒಮ್ಮೆ ಬೇರೆ ಕಂಪನಿಯ ಸಿಮ್‌ನ ಹಾಟ್‌ಸ್ಪಾಟ್‌ನಲ್ಲಿ ಪ್ರಯತ್ನಿಸಿ. ಅಲ್ಲಿ ಕೆಲಸವಾದರೆ ದೋಷ ಹಳೆಯ ದಾರಿಯದು.

ಎರಡು ಜಾಲಗಳಲ್ಲೂ ಸೋತರೆ ನಮ್ಮ ಯಂತ್ರವನ್ನು ನೋಡಬೇಕು. ಇಲ್ಲಿ ಯಾರೂ ಶಂಕಿಸದ ಅಪರಾಧಿ ಕಂಪ್ಯೂಟರಿನ ಗಡಿಯಾರ. ಸುರಕ್ಷಿತ ಸಂಪರ್ಕಕ್ಕೆ ಸರ್ವರ್ ತೋರಿಸುವ ಪ್ರಮಾಣಪತ್ರಕ್ಕೆ ಆರಂಭದ ದಿನವೂ ಮುಗಿಯುವ ದಿನವೂ ಇರುತ್ತದೆ. ಮದರ್‌ಬೋರ್ಡಿನ ಪುಟ್ಟ ಬ್ಯಾಟರಿ ಸತ್ತು ದಿನಾಂಕ ವರ್ಷಗಟ್ಟಲೆ ಹಿಂದೆ ಸರಿದಿದ್ದರೆ, ಸರಿಯಾದ ಪ್ರಮಾಣಪತ್ರವೂ ಸುಳ್ಳೆಂದು ಕಂಡು ಸಂಪರ್ಕ ಮುರಿಯುತ್ತದೆ. ವಿಪಿಎನ್, ಫೈರ್‌ವಾಲ್, ಆಂಟಿವೈರಸ್ ಕೂಡ ಸಂಪರ್ಕವನ್ನು ತಡೆಯಬಲ್ಲವು. ಪರವಾನಗಿ ಇಲ್ಲದ ಪ್ರತಿ ಬಳಸಿದ್ದ ಯಂತ್ರಗಳಲ್ಲಿ ಹೋಸ್ಟ್ಸ್ ಕಡತದ ಮೂಲಕ ಕಂಪನಿಯ ವಿಳಾಸಗಳನ್ನೇ ಮುಚ್ಚಿರುವುದುಂಟು. ಆಮೇಲೆ ಅಸಲಿ ತಂತ್ರಾಂಶ ಕೊಂಡರೂ ಆ ಸಾಲುಗಳನ್ನು ಅಳಿಸುವವರೆಗೆ ಬಾಗಿಲು ತೆರೆಯದು. ಇದೆಲ್ಲ ಸರಿಯಿದ್ದರೆ ಲಾಗ್‌ಔಟ್ ಆಗಿ ಮತ್ತೆ ಲಾಗಿನ್ ಆಗಿ, ತಂತ್ರಾಂಶದ ಹೊಸ ಆವೃತ್ತಿ ಹಾಕಿಕೊಳ್ಳಿ.

ಇನ್ನುಳಿದದ್ದು ದೂರದ ಸರ್ವರ್. ದೋಷಸಂದೇಶದಲ್ಲಿ ಮೂರಂಕಿಯ ಸಂಖ್ಯೆ ಕಂಡರೆ ಬರೆದಿಟ್ಟುಕೊಳ್ಳಿ. 401 ಎಂದರೆ ನಿಮ್ಮ ಗುರುತು ಸಾಬೀತಾಗಿಲ್ಲ, 403 ಎಂದರೆ ಅನುಮತಿ ಇಲ್ಲ, 429 ಎಂದರೆ ವಿನಂತಿಗಳು ಮಿತಿ ಮೀರಿವೆ. 500, 503, 504ರಂಥವು ಸರ್ವರ್ ಕಡೆಯ ತೊಂದರೆಯನ್ನು ಹೇಳುತ್ತವೆ. ಆಗ ಮತ್ತೆಮತ್ತೆ ಗುಂಡಿ ಒತ್ತುವುದರಿಂದ ಒತ್ತಡ ಹೆಚ್ಚೀತೇ ಹೊರತು ಕೆಲಸವಾಗದು. ಕಂಪನಿಯ ಸೇವಾ ಸ್ಥಿತಿಯ ಪುಟ ನೋಡಿ, ಸ್ವಲ್ಪ ಕಾದು ಪ್ರಯತ್ನಿಸಿ. ಖಾತೆಯ ಜನರೇಟಿವ್ ಕ್ರೆಡಿಟ್ (ಎಐ ಬಳಕೆಯ ಪಾಲು) ಮುಗಿದಿದೆಯೇ ಎಂಬುದನ್ನೂ ಪರಿಶೀಲಿಸಿ.

ಕಾಶಿಯ ಚಿತ್ರಗಳಿಗೆ ಎದುರಾಗುವ ಇನ್ನೊಂದು ತಡೆ, ಸರ್ವರ್‌ನಲ್ಲಿರುವ ವಿಷಯ ಶೋಧಕ. ನಗ್ನತೆ, ಹಿಂಸೆಯಂಥವನ್ನು ತಡೆಯುವ ಈ ವ್ಯವಸ್ಥೆ ಬರೆದ ಸೂಚನೆಯನ್ನೂ ತಯಾರಾದ ಚಿತ್ರವನ್ನೂ ಪರೀಕ್ಷಿಸಿ, ನಿಯಮ ಮೀರಿದೆ ಎನಿಸಿದರೆ ಫಲಿತಾಂಶವನ್ನು ತಡೆಹಿಡಿಯುತ್ತದೆ. ಸಂಭವನೀಯತೆಯ ಮೇಲೆ ನಿರ್ಧರಿಸುವ ಯಂತ್ರಕ್ಕೆ, ಗಂಗೆಯಲ್ಲಿ ಮುಳುಗಿ ಏಳುವ ಭಕ್ತನ ಬರಿಮೈಯೂ ಭಸ್ಮಧಾರಿ ನಾಗಾ ಸಾಧುವಿನ ದೇಹವೂ ಬರೀ ಚರ್ಮದ ಬಣ್ಣದ ಪಿಕ್ಸೆಲ್‌ಗಳು. ಆ ಮೈಯ ಹಿಂದಿನ ಶ್ರದ್ಧೆ ಅದಕ್ಕೆ ಕಾಣದು. ಸ್ನಾನಘಟ್ಟದ ಚಿತ್ರದಲ್ಲಿ ತಂತಿಯೊಂದನ್ನು ಅಳಿಸುವಾಗ ಆಯ್ಕೆಯನ್ನು ಕಿರಿದಾಗಿಸಿ, ಮೈಭಾಗದಿಂದ ದೂರವಿಡಿ, ಸೂಚನೆಯ ಜಾಗವನ್ನು ಖಾಲಿ ಬಿಟ್ಟು ನೋಡಿ. ಆಗದಿದ್ದರೆ ಕಂಟೆಂಟ್ ಅವೇರ್ ಫಿಲ್ ಅಥವಾ ಕ್ಲೋನ್ ಸ್ಟಾಂಪ್‌ಗೆ ಮರಳಿ. ಮಣಿಕರ್ಣಿಕಾ, ಹರಿಶ್ಚಂದ್ರ ಘಾಟುಗಳ ಚಿತೆಗಳ ಮಾತು ಬೇರೆ. ದುಃಖದಲ್ಲಿರುವ ಕುಟುಂಬದ ಒಪ್ಪಿಗೆಯಿಲ್ಲದೆ ಅವುಗಳ ಚಿತ್ರವನ್ನು ತೆಗೆಯಲೇಬಾರದು.

ಕ್ಲೌಡ್ ಎಐ ದೊಡ್ಡ ಅನುಕೂಲ, ಆದರೆ ನಮ್ಮ ಕೈಮೀರಿದ ಅನುಕೂಲ. ಕಾಶಿಗೆ ಹೊರಡುವವರಲ್ಲಿ ಒಂದು ವಿನಂತಿ: ಇಂಟರ್ನೆಟ್ ಇಲ್ಲದೆ ತಿದ್ದುವ ಸಾಧನಗಳನ್ನು ಮನೆಯಲ್ಲೇ ಕಲಿತುಕೊಳ್ಳಿ, ಮೂಲ ರಾ ಕಡತಗಳನ್ನು ಎರಡು ಡಿಸ್ಕ್‌ಗಳಲ್ಲಿ ಇಡಿ, ತುರ್ತಿಲ್ಲದ ಎಐ ಕೆಲಸವನ್ನು ಊರಿಗೆ ಮರಳಿದ ಮೇಲೆ ಮಾಡಿ. ಮೂಲಚಿತ್ರ ಭದ್ರವಾಗಿದ್ದರೆ ತಿದ್ದುವ ಕೆಲಸ ಎಷ್ಟು ದಿನವಾದರೂ ಕಾಯುತ್ತದೆ.