ಒಂದು ಬೀವರ್ ತೆಗೆದರೆ ಇನ್ನೊಂದು ಹಾಜರ್

ನಮಗೆ ಕಾಡುಹಂದಿ ಹೇಗೋ, ಸ್ಕಾಟ್ಲೆಂಡಿನ ಟೇ ನದಿ ಬಯಲಿನ ರೈತರಿಗೆ ಬೀವರ್ ಹಾಗೆ. ಹೊಲದ ಬಸಿಗಾಲುವೆಗೆ ಕೊಂಬೆ, ಕೆಸರು ತುಂಬಿ ಒಡ್ಡು ಕಟ್ಟಿಬಿಡುತ್ತೆ. ನೀರು ಹಿಂದಕ್ಕೆ ಒತ್ತಿ ಹೊಲಕ್ಕೆ ಬರುತ್ತೆ. ನಿಂತ ನೀರಲ್ಲಿ ಬೆಳೆ ಏನಾಗುತ್ತೆ ಅಂತ ನಿಮಗೆ ಹೇಳಬೇಕಿಲ್ಲ.

ಇದನ್ನು ನಮ್ಮ ನೀರುನಾಯಿ ಅಂದುಕೊಳ್ಳಬೇಡಿ. ತುಂಗಭದ್ರೆಯ ನೀರುನಾಯಿ ಮೀನು ತಿನ್ನುತ್ತೆ. ಬೀವರ್ ಇಲಿ, ಅಳಿಲುಗಳ ಬಳಗದ್ದು, ಭಾರತದಲ್ಲಿಲ್ಲ. ಮೀನು ಮುಟ್ಟಲ್ಲ, ತೊಗಟೆ, ಎಲೆ, ಹುಲ್ಲು ಅಷ್ಟೇ. ದೊಡ್ಡದಾದರೆ 20 ಕೆಜಿ ಮೀರುತ್ತೆ. ಬಾಚಿಹಲ್ಲಿನಲ್ಲಿ ಕಬ್ಬಿಣದ ಅಂಶ ಇರೋದರಿಂದ ಅದಕ್ಕೆ ಕಿತ್ತಳೆ ಬಣ್ಣ, ಸವೆದ ಹಾಗೆ ಬೆಳೆಯುತ್ತಲೇ ಇರುತ್ತೆ.

ಹಿಡಿದು ಬೇರೆ ಕಡೆ ಬಿಟ್ಟರೆ ಮುಗೀತಲ್ಲ ಅನ್ನಬಹುದು. ಪೇಚು ಇರೋದೇ ಅಲ್ಲಿ. ಗಡಿ ವಿಷಯದಲ್ಲಿ ಬೀವರ್, ಬದುವಿಗಾಗಿ ಕೋರ್ಟಿಗೆ ಹೋಗೋ ದಾಯಾದಿಗಳಿಗಿಂತ ಖಡಕ್. ಒಂದು ಜೋಡಿ, ಅದರ ಮರಿಗಳು ಸೇರಿ ಒಂದು ಕುಟುಂಬ. ಹೊಳೆದಂಡೆಯ ಇಷ್ಟುದ್ದ ನಮ್ಮದು ಅಂತ ಕಾಯುತ್ತೆ. ದಂಡೆಯಲ್ಲಿ ಕೆಸರಿನ ಗುಪ್ಪೆ ಮಾಡಿ, ಬಾಲದ ಬುಡದ ಚೀಲಗಳಿಂದ ಕ್ಯಾಸ್ಟೋರಿಯಂ ಅನ್ನೋ ಘಾಟಿನ ದ್ರವ ಹಾಕುತ್ತೆ. ಪಕ್ಕದ ಕುಟುಂಬದ ವಾಸನೆಗೆ ಅಷ್ಟಾಗಿ ತಲೆ ಕೆಡಿಸಿಕೊಳ್ಳಲ್ಲ. ಅಪರಿಚಿತ ವಾಸನೆ ಸಿಕ್ಕರೆ ಮಾತ್ರ ಆ ಗುಪ್ಪೆ ಕೆದರಿ ತನ್ನ ಗುರುತು ಹಾಕುತ್ತೆ. ಅದನ್ನೂ ಮೀರಿ ಒಳಗೆ ಬಂದವನಿಗೆ ಕಚ್ಚಾಟ. ಸೊಂಟ, ಬಾಲದ ಮೇಲೆ ಆಳವಾದ ಗಾಯ. ಸಾಯೋದೂ ಉಂಟು.

ಸುಮಾರು ಎರಡು ವರ್ಷ ತುಂಬಿದ ಮರಿಗಳು ಜಾಗ ಹುಡುಕಿ ಮನೆ ಬಿಡ್ತವೆ, ಹೆಚ್ಚಾಗಿ ವಸಂತದಲ್ಲಿ. ಗುಪ್ಪೆಗಳು ಜಾಸ್ತಿ ಕಾಣೋದೂ ಆಗಲೇ. ಕಾಲುವೆಯಲ್ಲಿದ್ದ ಕುಟುಂಬವನ್ನು ರೈತ ತೆಗೆಸಿದ ಅಂದರೆ ಗಡಿ ಕಾಯೋರೇ ಇಲ್ಲದ ಹಾಗಾಯ್ತು. ಮೇವು, ನೀರು ಚೆನ್ನಾಗಿದ್ದರೆ ಹೀಗೆ ಅಲೆಯೋ ಮರಿಯೊಂದು ಬಂದು ಹಳೇ ಒಡ್ಡಿಗೇ ರಿಪೇರಿ ಶುರು ಮಾಡುತ್ತೆ.

ಸ್ಕಾಟ್ಲೆಂಡಿನಲ್ಲಿ 2019ರ ಮೇ ತಿಂಗಳಿಂದ ಬೀವರ್ ಸಂರಕ್ಷಿತ ಪ್ರಾಣಿ, ಲೈಸೆನ್ಸ್ ಇಲ್ಲದೆ ಕೊಲ್ಲುವಂತಿಲ್ಲ. ಆದ್ದರಿಂದ ಪ್ರಾಣಿಯನ್ನು ಬಿಟ್ಟು ನೀರಿಗೆ ಉಪಾಯ ಮಾಡ್ತಾರೆ. ಒಡ್ಡಿನ ನಡುವೆ ದಪ್ಪ ಪೈಪು ತೂರಿಸಿ, ಮೇಲ್ಗಡೆಯ ಬಾಯಿಗೆ ತಂತಿ ಪಂಜರ ಹಾಕೋದು. ಬೀವರಿಗೆ ಹರಿಯೋ ನೀರಿನ ಸದ್ದು ಕೇಳಿದರೆ ಕಟ್ಟೋ ಚಾಳಿ. ಇಲ್ಲಿ ನೀರು ಸದ್ದಿಲ್ಲದೆ ಇಳಿಯುತ್ತೆ. ಕೆರೆಯಂಥ ಕಡೆ ಇದು ಒಳ್ಳೆ ಕೆಲಸ ಮಾಡುತ್ತೆ. ಆದರೆ ಅರ್ಧ ಅಡಿ ನೀರು ನಿಂತರೂ ಕಷ್ಟ ಅನ್ನೋ ಸಪಾಟು ಹೊಲದ ಕಾಲುವೆಗೆ ಇದನ್ನು ನಂಬೋ ಹಾಗಿಲ್ಲ. ಮರಗಳಿಗಾದರೆ ಬುಡದಿಂದ ಒಂದು ಮೀಟರ್ ಎತ್ತರ ತಂತಿ ಬಲೆ ಸುತ್ತಿದರೆ ಸಾಕು.

ಬೀವರ್ ಓಡಾಟ ಬಹುಪಾಲು ದಂಡೆಯಿಂದ 20 ಮೀಟರ್ ಒಳಗೇ. ಆ ಪಟ್ಟಿಯನ್ನು ಉಳದೆ ಬಿಟ್ಟರೆ ಅರ್ಧ ಜಗಳ ಕಮ್ಮಿ. ಆದರೆ ಒಳ್ಳೆ ಮೆಕ್ಕಲು ಮಣ್ಣಿರೋದೂ ಅಲ್ಲೇ.