ಮ್ಯಾನೇಜ್‌ಮೆಂಟ್ ಕಾಲೇಜಿಗೆ ‘ನ್ಯಾಕ್’ ತಂಡ ಬರುವ ಮುನ್ನ: ಮೆಂಟರ್ ಮಾಡೋದೇನು, ಮಾಡಬಾರದ್ದೇನು?

ಬೆಂಗಳೂರು: ಬಸವನಗುಡಿಯ ಬುಲ್ ಟೆಂಪಲ್ ರಸ್ತೆ, ಆರ್.ವಿ. ರಸ್ತೆ, ಮಲ್ಲೇಶ್ವರದ 15ನೇ ಕ್ರಾಸ್. ಈ ಕಡೆ ಓಡಾಡುವವರಿಗೆ ಕಾಲೇಜು ಬೋರ್ಡುಗಳ ಮೇಲೆ ‘ನ್ಯಾಕ್ ಮಾನ್ಯತೆ’ ಅನ್ನೋ ಸಾಲು ಹೊಸದೇನಲ್ಲ. ಮಗಳನ್ನೋ ಮಗನನ್ನೋ ಎಂಬಿಎಗೆ ಸೇರಿಸಲು ಬರುವ ಅಪ್ಪ-ಅಮ್ಮ ಫೀಸು ಕೇಳಿದ ಮೇಲೆ ಕೇಳುವ ಎರಡನೇ ಪ್ರಶ್ನೆಯೂ ಇದೇ: ‘ನ್ಯಾಕ್ ಗ್ರೇಡ್ ಎಷ್ಟು ಸರ್?’

ಆ ಒಂದು ಅಕ್ಷರದ ಹಿಂದೆ ಐದು ವರ್ಷದ ಕಾಗದಪತ್ರ ಇರುತ್ತದೆ. ಮೊದಲ ಸಲ ಮಾನ್ಯತೆಗೆ ಹೊರಟ ಸಣ್ಣ ಕಾಲೇಜಿಗೆ ಎಲ್ಲಿಂದ ಶುರು ಮಾಡಬೇಕು ಅನ್ನೋದೇ ಗೊತ್ತಾಗಲ್ಲ. ಆಗ ಬೇಕಾಗುವವರೇ ಮೆಂಟರ್, ಅಂದರೆ ಈ ದಾರಿಯಲ್ಲಿ ಒಮ್ಮೆ ನಡೆದು ಬಂದ ಹಿರಿಯ ಅಧ್ಯಾಪಕರು ಅಥವಾ ಸಂಸ್ಥೆ.

ಅನುಮತಿ ಬೇರೆ, ಮಾನ್ಯತೆ ಬೇರೆ

ಮೊದಲು ಒಂದು ಗೊಂದಲ ಬಗೆಹರಿಯಬೇಕು. ಎಂಬಿಎ ಕೋರ್ಸ್ ನಡೆಸಲು ಎಐಸಿಟಿಇ ಕೊಡುವುದು ಅನುಮತಿ. ವಿಶ್ವವಿದ್ಯಾಲಯ ಕೊಡುವುದು ಸಂಯೋಜನೆ. ಇವೆರಡೂ ಇದ್ದರೆ ಕಾಲೇಜು ನಡೆಸಬಹುದು, ಅಷ್ಟೇ. ಅದು ಚೆನ್ನಾಗಿ ನಡೀತಿದೆಯಾ ಅಂತ ಹೊರಗಿನವರು ಬಂದು ತೂಗಿ ಹೇಳುವುದು ಮಾನ್ಯತೆ.

ಅದರಲ್ಲೂ ಎರಡು ಬಾಗಿಲು. ನ್ಯಾಕ್, ಅಂದರೆ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಪರಿಷತ್ತು, ಇಡೀ ಕಾಲೇಜನ್ನು ನೋಡುತ್ತೆ. ಎನ್‌ಬಿಎ ಒಂದೊಂದು ಕೋರ್ಸನ್ನು ಬಿಡಿಯಾಗಿ ನೋಡುತ್ತೆ. ಎರಡೂ 1994ರಲ್ಲಿ ಹುಟ್ಟಿದವು. ಎನ್‌ಬಿಎ ಕಚೇರಿ ದೆಹಲಿಯಲ್ಲಿದ್ದರೆ ನ್ಯಾಕ್ ನಮ್ಮೂರಿನದೇ. ಮೊದಲು ರಾಜಾಜಿನಗರದ ಡಾ. ರಾಜ್‌ಕುಮಾರ್ ರಸ್ತೆಯಲ್ಲಿ, ಮಲ್ಲೇಶ್ವರಕ್ಕೆ ಕೂಗಳತೆಯಲ್ಲೇ ಇತ್ತು. ಈಗ ನಾಗರಬಾವಿಯಲ್ಲಿದೆ. ಪಕ್ಕದಲ್ಲೇ ಇದೆ ಅಂದ ಮಾತ್ರಕ್ಕೆ ನಮ್ಮ ಕಾಲೇಜುಗಳಿಗೆ ದಾರಿ ಸಲೀಸಾಗಲಿಲ್ಲ ಅನ್ನೋದು ಬೇರೆ ಮಾತು.

ಗ್ರೇಡ್ ಬರೀ ಬೋರ್ಡಿಗೂ ಅಲ್ಲ. ಕಾಲೇಜು ಸ್ವಾಯತ್ತ ಆಗಬೇಕಾದರೆ, ಅಂದರೆ ತನ್ನ ಸಿಲಬಸ್ ಮತ್ತು ಪರೀಕ್ಷೆ ತಾನೇ ಮಾಡಿಕೊಳ್ಳಬೇಕಾದರೆ, ಮಾನ್ಯತೆ ಇರಲೇಬೇಕು. ನ್ಯಾಕ್ ದಾರಿಯಲ್ಲಿ ಹೋಗುವವರಿಗೆ ಕನಿಷ್ಠ ‘ಎ’ ಶ್ರೇಣಿ ಬೇಕು ಅಂತ ಯುಜಿಸಿಯ 2023ರ ನಿಯಮ ಹೇಳುತ್ತದೆ. 4ಕ್ಕೆ 3.01 ಬಂದರೆ ‘ಎ’. 3.00ಕ್ಕೆ ನಿಂತರೆ ‘ಬಿ ಪ್ಲಸ್ ಪ್ಲಸ್’. ನೂರರಲ್ಲಿ ಒಂದು ಅಂಶದ ವ್ಯತ್ಯಾಸ!

ಸರ್ಕಾರಿ ಯೋಜನೆಯ ಹೆಸರು ‘ಪರಾಮರ್ಶ್’

ಮೆಂಟರಿಂಗ್‌ಗೆ ಸರ್ಕಾರಿ ರೂಪವೂ ಇದೆ. 2019ರ ಜುಲೈನಲ್ಲಿ ಯುಜಿಸಿ ‘ಪರಾಮರ್ಶ್’ ಯೋಜನೆ ತಂತು. ಒಳ್ಳೆ ಅಂಕ ಪಡೆದ ಸಂಸ್ಥೆಯೊಂದು ಮಾನ್ಯತೆ ಇಲ್ಲದ ಕೆಲವು ಕಾಲೇಜುಗಳ ಕೈಹಿಡಿದು ನಡೆಸಬೇಕು ಅನ್ನೋದು ಇದರ ಸಾರ. ಮೆಂಟರ್ ಸಂಸ್ಥೆಗೆ ಕನಿಷ್ಠ 3.26 ಅಂಕ ಇರಬೇಕು. 30 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತೆ. ದೇಶದ 1000 ಕಾಲೇಜುಗಳನ್ನು ಮುಟ್ಟುವ ಗುರಿ ಇತ್ತು.

ದುಡ್ಡು ಹೋಗುವುದು ಮೆಂಟರ್ ಸಂಸ್ಥೆಗೇ, ಕಲಿಯುವ ಕಾಲೇಜಿಗಲ್ಲ. ಇದು ವಿಚಿತ್ರ ಅನ್ನಿಸಬಹುದು. ಆದರೆ ಕಲಿಯುವ ಕಾಲೇಜಿಗೆ ಹೆಚ್ಚಾಗಿ ಬೇಕಾಗಿರುವುದು ಹಣಕ್ಕಿಂತ ಒಬ್ಬರ ಸಮಯ. ಎದುರು ಕೂತು ಫೈಲು ತೆಗೆಸಿ ನೋಡುವವರ ಸಮಯ.

‘ಮಾಡಿದ್ವಿ ಸರ್, ಬರೆದಿಟ್ಟಿಲ್ಲ’

ಮೆಂಟರ್ ಮೊದಲ ದಿನ ಬಂದಾಗ ಕಟ್ಟಡ ನೋಡಲ್ಲ, ಬೀರು ನೋಡ್ತಾರೆ. ಅಲ್ಲಿ ನಡೆಯುವ ಮಾತು ಸಾಮಾನ್ಯವಾಗಿ ಹೀಗಿರುತ್ತೆ:

‘ಮೇಡಂ, ವಿದ್ಯಾರ್ಥಿಗಳನ್ನ ಫೀಲ್ಡ್ ವರ್ಕ್‌ಗೆ ಕಳಿಸಿದ್ವಿ ಅಂದ್ರಲ್ಲ, ಅದರ ರಿಪೋರ್ಟ್ ಕೊಡಿ.’

‘ಮಾಡಿದ್ವಿ ಸರ್, ಆದ್ರೆ ಬರೆದಿಟ್ಟಿಲ್ಲ.’

ಬಸವನಗುಡಿಯ ಕಡಲೆಕಾಯಿ ಪರಿಷೆಯನ್ನೇ ತಗೊಳ್ಳಿ. ಕಾರ್ತಿಕದ ಕೊನೇ ಸೋಮವಾರದ ಹೊತ್ತಿಗೆ ದೊಡ್ಡ ಬಸವಣ್ಣನ ಗುಡಿ ಸುತ್ತ ನೂರಾರು ವ್ಯಾಪಾರಿಗಳು ಬಂದು ಕೂರ್ತಾರೆ. ಎಂಬಿಎ ವಿದ್ಯಾರ್ಥಿಗಳು ಎರಡು ದಿನ ಅವರ ಜೊತೆ ನಿಂತು ಕಾಯಿ ಯಾವ ಊರಿಂದ ಬಂತು, ಸೇರಿಗೆ ಎಷ್ಟು ಉಳಿಯುತ್ತೆ, ಮಿಕ್ಕ ಮಾಲು ಏನಾಗುತ್ತೆ ಅಂತ ಕೇಳಿ ಬರೆದರೆ, ಅದು ಯಾವ ಪಠ್ಯಪುಸ್ತಕಕ್ಕೂ ಕಡಿಮೆಯಿಲ್ಲದ ಪಾಠ. ಆದರೆ ಹೋದವರ ಪಟ್ಟಿ, ದಿನಾಂಕ, ವಿದ್ಯಾರ್ಥಿಗಳು ಬರೆದ ವರದಿ, ಅಧ್ಯಾಪಕರು ಕೊಟ್ಟ ಅಂಕ ಇವಿಲ್ಲದಿದ್ದರೆ ನ್ಯಾಕ್ ಲೆಕ್ಕದಲ್ಲಿ ಆ ಎರಡು ದಿನ ನಡೆದೇ ಇಲ್ಲ. ವಾಟ್ಸ್‌ಆ್ಯಪ್ ಗುಂಪಿನಲ್ಲಿರುವ ಸೆಲ್ಫಿ ಸಾಕ್ಷಿಯಾಗಲ್ಲ.

ಹೀಗೆ ಹಟ ಹಿಡಿಯಲು ಕಾರಣ ಇದೆ. 2017ರಲ್ಲಿ ನ್ಯಾಕ್ ಪದ್ಧತಿ ಬದಲಾಯಿತು. ಸುಮಾರು 70 ಭಾಗ ಅಂಕ ಕಾಲೇಜು ಆನ್‌ಲೈನಲ್ಲಿ ತುಂಬುವ ಅಂಕಿಅಂಶದ ಮೇಲೆ, 30 ಭಾಗ ಮಾತ್ರ ಪರಿಶೀಲನಾ ತಂಡದ ಭೇಟಿಯ ಮೇಲೆ ಅಂತಾಯಿತು. ತುಂಬಿದ ಅಂಕಿಅಂಶವನ್ನು ಕಾಲೇಜಿಗೆ ಸಂಬಂಧವಿಲ್ಲದ ಬೇರೆಯವರು ತಾಳೆ ನೋಡ್ತಾರೆ. ತಂಡ ಬಂದಾಗ ಗೇಟಿಗೆ ಮಾವಿನ ತೋರಣ ಕಟ್ಟಿ, ಗೋಡೆಗೆ ಸುಣ್ಣ ಬಳಿದು ಗೆಲ್ಲುವ ಕಾಲ ಅಲ್ಲಿಗೆ ಮುಗೀತು. ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಿನ 1000 ಅಂಕದಲ್ಲಿ 350 ಕಲಿಕೆ-ಬೋಧನೆಗೇ ಮೀಸಲು. ಕಟ್ಟಡ, ಗ್ರಂಥಾಲಯ, ಕಂಪ್ಯೂಟರ್ ಎಲ್ಲಾ ಸೇರಿ 100. ಚಾಮರಾಜಪೇಟೆಯ ಹಳೇ ಸೈಟಿನಲ್ಲಿ ಮೂರು ಮಹಡಿ ಎಬ್ಬಿಸಿಕೊಂಡು, ಆಟದ ಮೈದಾನ ಇಲ್ಲ ಅಂತ ಕೊರಗುವ ಕಾಲೇಜಿಗೆ ಮೆಂಟರ್ ಮೊದಲು ತೋರಿಸುವುದು ಈ ಎರಡು ಅಂಕಿಗಳನ್ನೇ.

ಹಳೇ ಬೆಂಗಳೂರಿನ ಕಾಲೇಜುಗಳಿಗೆ ಇನ್ನೊಂದು ತಾಪತ್ರಯ ಇದೆ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರು ಪಾಲಾಯಿತು. ಸೆಂಟ್ರಲ್ ಕಾಲೇಜು ಆವರಣದ ನಗರ ವಿಶ್ವವಿದ್ಯಾಲಯಕ್ಕೆ ಬಂದ ಕಾಲೇಜಿನ ಹಳೇ ಬ್ಯಾಚುಗಳ ಫಲಿತಾಂಶಕ್ಕೆ ಜ್ಞಾನಭಾರತಿ ಕಡೆ, ಹೊಸ ಬ್ಯಾಚಿನದಕ್ಕೆ ಸೆಂಟ್ರಲ್ ಕಾಲೇಜು ಕಡೆ ಮುಖ ಮಾಡಬೇಕು. ಸ್ವ-ಅಧ್ಯಯನ ವರದಿ ಸಲ್ಲಿಸಲು ಇದ್ದ ಗಡುವು ಅರ್ಜಿ ಒಪ್ಪಿಗೆಯಾದ ಮೇಲೆ 45 ದಿನ. ಹಾಗಾಗಿ ಅನುಭವಸ್ಥ ಮೆಂಟರ್ ಅರ್ಜಿ ಹಾಕಲು ಅವಸರ ಮಾಡಲ್ಲ. ‘ಮೊದಲು ಎಲ್ಲಾ ಕೈಗೆ ಬರಲಿ, ಆಮೇಲೆ ಬಟನ್ ಒತ್ತೋಣ’ ಅಂತಾರೆ.

ಮೇಷ್ಟ್ರು ನಿಜವಾಗಲೂ ಇದ್ದಾರಾ?

ಮ್ಯಾನೇಜ್‌ಮೆಂಟ್ ಕಾಲೇಜಿನಲ್ಲಿ ಮೆಂಟರ್ ಮತ್ತು ಆಡಳಿತ ಮಂಡಳಿ ನಡುವೆ ಮುಖ ಕೆಡುವುದು ಇಲ್ಲೇ. ಎಂಬಿಎಗೆ 20 ವಿದ್ಯಾರ್ಥಿಗೆ ಒಬ್ಬ ಅಧ್ಯಾಪಕ ಅನ್ನೋದು ಎಐಸಿಟಿಇ ಲೆಕ್ಕ. 60 ಸೀಟು ಅಂದರೆ ಎರಡು ವರ್ಷ ಸೇರಿ 120 ವಿದ್ಯಾರ್ಥಿಗಳು, ಆರು ಜನ ಪೂರ್ಣಾವಧಿ ಮೇಷ್ಟ್ರು. ಪಟ್ಟಿಯಲ್ಲಿ ಆರು ಹೆಸರಿದ್ದು ತರಗತಿಯಲ್ಲಿ ನಾಲ್ಕು ಜನ ಮಾತ್ರ ಕಂಡರೆ, ಒಳ್ಳೆ ಮೆಂಟರ್ ನೇಮಕಾತಿ ಆದೇಶ, ಬ್ಯಾಂಕಿಗೆ ಹೋದ ಸಂಬಳ, ಫಾರ್ಮ್ 16 ಕೇಳ್ತಾರೆ. ಆಡಳಿತ ಮಂಡಳಿಗೆ ಇದು ಹಿಡಿಸದೇ ಹೋಗಬಹುದು. ಆದರೆ ವಿದ್ಯಾರ್ಥಿಗೆ ಮಾನ್ಯತೆಯಿಂದ ಏನಾದರೂ ಉಪಯೋಗ ಇದೆ ಅಂದರೆ ಅದು ಈ ಪ್ರಶ್ನೆಯಿಂದಲೇ: ಪಾಠ ಮಾಡಲು ಒಬ್ಬರು ಜಾಸ್ತಿ ಬಂದರಾ?

ಎನ್‌ಬಿಎ ದಾರಿಯಲ್ಲಿ ಪ್ರಶ್ನೆ ಇನ್ನೂ ಆಳಕ್ಕೆ ಇಳಿಯುತ್ತೆ. ಪ್ರತಿ ವಿಷಯ ಓದಿದ ಮೇಲೆ ವಿದ್ಯಾರ್ಥಿಗೆ ಏನು ಬರಬೇಕು ಅಂತ ಮೊದಲೇ ಬರೆದಿಡಬೇಕು, ಕೊನೆಗೆ ಬಂತಾ ಅಂತ ಅಳೆಯಬೇಕು. ಉದಾಹರಣೆಗೆ, ಫೈನಾನ್ಸ್ ಓದಿದವರು ಅಂಗಡಿಯೊಂದರ ಲೆಕ್ಕ ನೋಡಿ ಅದಕ್ಕೆ ಸಾಲ ಕೊಡಬಹುದಾ ಅಂತ ಹೇಳಬೇಕು ಅಂದುಕೊಳ್ಳೋಣ. ನೂರಕ್ಕೆ 60 ಜನಕ್ಕಾದರೂ ಬರಬೇಕು ಅಂತ ಗುರಿ ಇಟ್ಟು 45 ಜನಕ್ಕೆ ಮಾತ್ರ ಬಂತು. ಕಾಲೇಜು ಹೆದರಿ 62 ಅಂತ ಬರೆಯಲು ಹೋಗುತ್ತೆ. ಮೆಂಟರ್ ತಡೆಯಬೇಕಾದ್ದು ಆ ಕೈಯನ್ನು. 45 ಬರೆದು, ಮುಂದಿನ ಸೆಮಿಸ್ಟರಿನಲ್ಲಿ ಪಾಠದ ಕ್ರಮ ಹೀಗೆ ಬದಲಿಸಿದೆವು ಅಂತ ತೋರಿಸಿದರೆ ಅದಕ್ಕೇ ಬೆಲೆ. ಎಲ್ಲಾ ವಿಷಯದಲ್ಲೂ ಗುರಿ ಮುಟ್ಟಿದ ಕಾಲೇಜನ್ನು ನೋಡಿದರೆ ತಂಡಕ್ಕೆ ಅನುಮಾನ ಬರುವುದೇ ಹೆಚ್ಚು.

ಮೆಂಟರ್ ಅಲ್ಲ, ಗುತ್ತಿಗೆದಾರ

ಮೆಂಟರ್ ಹೆಸರಿನಲ್ಲಿ ಬೇರೆ ಥರದವರೂ ಬರ್ತಾರೆ. ‘ವರದಿ ನಾವೇ ಬರೆದುಕೊಡ್ತೀವಿ, ಗ್ರೇಡ್ ಗ್ಯಾರಂಟಿ’ ಅನ್ನುವವರು. ಬರೆದುಕೊಡಿಸಿದ ವರದಿ ಮೊದಲು ಕೈಕೊಡುವುದು ತಂಡ ಬಂದ ದಿನವೇ. ವರದಿಯಲ್ಲಿ ಏನಿದೆ ಅಂತ ಪ್ರಾಂಶುಪಾಲರಿಗೇ ಗೊತ್ತಿರಲ್ಲ. ಗ್ಯಾರಂಟಿ ಮಾತು ಎಲ್ಲಿಗೆ ಹೋಗಿ ಮುಟ್ಟಬಹುದು ಅನ್ನೋದು 2025ರ ಫೆಬ್ರವರಿಯಲ್ಲಿ ದೇಶಕ್ಕೇ ಗೊತ್ತಾಯಿತು. ಆಂಧ್ರಪ್ರದೇಶದ ಸಂಸ್ಥೆಯೊಂದಕ್ಕೆ ಒಳ್ಳೆ ಶ್ರೇಣಿ ಕೊಡಲು ಲಂಚ ಪಡೆದ ಆರೋಪದ ಮೇಲೆ ನ್ಯಾಕ್ ಪರಿಶೀಲನಾ ತಂಡದ ಸದಸ್ಯರನ್ನೇ ಸಿಬಿಐ ಬಂಧಿಸಿತು.

ಸಲಹೆ ಕೊಡುವವರು ಮತ್ತು ತೀರ್ಪು ಕೊಡುವವರು ಬೇರೆ ಬೇರೆ ಇರಬೇಕು ಅನ್ನೋದು ಹೊಸ ವಿಚಾರವಲ್ಲ. ಅಮೆರಿಕದಲ್ಲಿ 1916ರಲ್ಲಿ ಶುರುವಾದ ಎಎಸಿಎಸ್‌ಬಿ, ಜಗತ್ತಿನ ಬಿಸಿನೆಸ್ ಸ್ಕೂಲುಗಳಿಗೆ ಮಾನ್ಯತೆ ಕೊಡುವ ಸಂಸ್ಥೆ. ಹೊಸದಾಗಿ ಅರ್ಜಿ ಹಾಕಿದ ಶಾಲೆಗೆ ಅದೇ ಒಬ್ಬ ಮೆಂಟರನ್ನು ಗೊತ್ತುಮಾಡುತ್ತದೆ. ಸಾಮಾನ್ಯವಾಗಿ ಬೇರೊಂದು ಶಾಲೆಯ ಡೀನ್ ಆಗಿರ್ತಾರೆ. ಎಲ್ಲಿ ಕೊರತೆ ಇದೆ ಅಂತ ತೋರಿಸುವುದು ಅವರ ಕೆಲಸ, ವರದಿ ಬರೆಯುವುದು ಶಾಲೆಯದೇ ಹೊಣೆ.

ನ್ಯಾಕ್ ಪದ್ಧತಿಯೂ ಮತ್ತೆ ಬದಲಾಗುತ್ತಿದೆ. ಗ್ರೇಡ್ ಬಿಟ್ಟು, ಮಾನ್ಯತೆ ಇದೆ ಅಥವಾ ಇಲ್ಲ ಅನ್ನುವ ಎರಡೇ ಉತ್ತರದ ಪದ್ಧತಿ, ಅದರ ಮೇಲೆ ಒಂದರಿಂದ ಐದರವರೆಗಿನ ಹಂತಗಳು ತರುವುದಾಗಿ 2024ರ ಜನವರಿಯಲ್ಲಿ ಘೋಷಣೆಯಾಯಿತು. ಹೇಳಿದಷ್ಟು ಬೇಗ ಅದು ಬರಲಿಲ್ಲ. ಯಾವ ಪದ್ಧತಿ ಬಂದರೂ ಕೇಳುವುದು ಇದೇ ಫೈಲುಗಳನ್ನು. ಹಾಗಾಗಿ ಹೊಸ ನಿಯಮ ಬರಲಿ ಅಂತ ಕೈಕಟ್ಟಿ ಕೂತ ಕಾಲೇಜಿಗೆ ನಷ್ಟವೇ.

ಪೋಷಕರು ಏನು ನೋಡಬೇಕು?

ಬೋರ್ಡಿನ ಅಕ್ಷರಕ್ಕಿಂತ ಅದರ ಅವಧಿ ನೋಡಿ. ನ್ಯಾಕ್ ಮಾನ್ಯತೆ ಸಾಮಾನ್ಯವಾಗಿ ಐದು ವರ್ಷಕ್ಕೆ, ಎನ್‌ಬಿಎ ಮೂರು ಅಥವಾ ಆರು ವರ್ಷಕ್ಕೆ. ಮುಗಿದ ಮೇಲೂ ಬೋರ್ಡು ಹಾಗೇ ಇರಬಹುದು, ನ್ಯಾಕ್ ವೆಬ್‌ಸೈಟಿನಲ್ಲಿ ತಾಳೆ ಹಾಕಬಹುದು. ಮಾನ್ಯತೆ ಪಡೆದ ಕಾಲೇಜು ಪ್ರತಿ ವರ್ಷ ಗುಣಮಟ್ಟದ ವರದಿಯನ್ನೂ ಸಲ್ಲಿಸಬೇಕು. ಅದು ಕಾಲೇಜಿನ ವೆಬ್‌ಸೈಟಿನಲ್ಲಿ ಇದ್ದರೆ ತೆರೆದು ಅಧ್ಯಾಪಕರ ಸಂಖ್ಯೆ, ಉತ್ತೀರ್ಣರಾದವರ ಲೆಕ್ಕ ನೋಡಿ. ಇಲ್ಲದಿದ್ದರೆ ಯಾಕಿಲ್ಲ ಅಂತ ಕೇಳಿ.

ಈಗಾಗಲೇ ಓದುತ್ತಿರುವವರಿಗೂ ಒಂದು ಪಾತ್ರ ಇದೆ. ಮೌಲ್ಯಾಂಕನದ ಸಮಯದಲ್ಲಿ ನ್ಯಾಕ್‌ನಿಂದ ವಿದ್ಯಾರ್ಥಿಗಳ ಇಮೇಲಿಗೇ ಸಮೀಕ್ಷೆ ಬರುತ್ತೆ. ಮೇಷ್ಟ್ರು ತಯಾರಾಗಿ ಬರ್ತಾರಾ, ಸಿಲಬಸ್ ಎಷ್ಟು ಮುಗಿಯಿತು ಅನ್ನುವಂಥ ಪ್ರಶ್ನೆಗಳು. ಕಾಲೇಜಿನಲ್ಲಿ ಕನಿಷ್ಠ ನೂರಕ್ಕೆ 10 ವಿದ್ಯಾರ್ಥಿಗಳು ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಉತ್ತರ ಬರಬೇಕು. ಈ ಮೇಲ್ ಎಷ್ಟೋ ಸಲ ಸ್ಪ್ಯಾಮ್ ಫೋಲ್ಡರಿನಲ್ಲಿ ಬಿದ್ದಿರುತ್ತೆ. ಅದನ್ನು ತೆರೆದು ನೋಡಿ ಅಂತ ಹೇಳುವವರೆಗೆ ಮಾತ್ರ ಮೆಂಟರ್ ಕೆಲಸ, ಏನು ಬರೆಯಬೇಕು ಅನ್ನೋದು ವಿದ್ಯಾರ್ಥಿಗೆ ಬಿಟ್ಟದ್ದು.