ಕ್ಲಿಕ್ ಮಾಡೋದು ಸುಲಭ, ಕಾಸು ವಸೂಲಿ ಕಷ್ಟ!

ಅಭಿಮಾನಿ ಮಿತ್ರರೇ, ಮೆಚ್ಚಿನ ನಾಯಕನ ಫೋಟೋ ಕತ್ತರಿಸಿ ಗೋಡೆಗೆ ಅಂಟಿಸಿದ್ದೀರಲ್ಲ, ಅದನ್ನು ತೆಗೆದವನ ಮನೆಯಲ್ಲಿ ಅವತ್ತು ಒಲೆ ಉರಿದಿತ್ತೋ ಇಲ್ಲವೋ ಅಂತ ಎಂದಾದರೂ ಯೋಚಿಸಿದ್ದೀರಾ? ಚಾಮರಾಜಪೇಟೆಯಲ್ಲಿ ನಲವತ್ತು ವರ್ಷದಿಂದ ಸ್ವಂತ ಕ್ಯಾಮೆರಾ ನಂಬಿ ಬದುಕಿರುವ ನಾನು ಒಳಗಿನ ಸಂಗತಿ ಹೇಳ್ತೀನಿ, ಕೇಳಿ.

ಸೆಟ್ಟಿನಲ್ಲಿ ಅರ್ಧ ನಿಮಿಷ

ಪ್ರಗತಿ ಅಶ್ವತ್ಥನಾರಾಯಣ, ಭವಾನಿ ಲಕ್ಷ್ಮೀನಾರಾಯಣ ಮುಂತಾದ ಸ್ಥಿರಚಿತ್ರ ಛಾಯಾಗ್ರಾಹಕರ ಹೆಸರು ನಮ್ಮ ಚಿತ್ರರಂಗದಲ್ಲಿ ದೊಡ್ಡದು. ಅವರಂತಾಗಬೇಕು ಅಂತಲೇ ನಾವೆಲ್ಲ ಗಾಂಧಿನಗರ ಸುತ್ತಿದ್ದು! ಶಾಟ್ ಓಕೆ ಆಯಿತೋ, "ಸ್ಟಿಲ್!" ಅಂತ ಕೂಗಬೇಕು. ಲೈಟ್‌ಬಾಯ್‌ಗೆ ದೀಪ ಆರಿಸುವ ಅವಸರ, ನಾಯಕನಿಗೆ ಊಟದ ಹೊತ್ತು. ಸಿಗುವುದು ಅರ್ಧ ನಿಮಿಷ. 120 ರೋಲಿನಲ್ಲಿ ಚೌಕ ಚಿತ್ರ ಬರುತ್ತಿದ್ದುದು 12 ಮಾತ್ರ. ಕೆಂಪೇಗೌಡ ರಸ್ತೆಯ ಥಿಯೇಟರುಗಳ ಗಾಜಿನ ಪೆಟ್ಟಿಗೆಯಲ್ಲಿ ನೀವು ಮುಗಿಬಿದ್ದು ನೋಡುತ್ತಿದ್ದ ಕಾರ್ಡುಗಳೆಲ್ಲ ಹಾಗೆ ಹುಟ್ಟಿದವು.

ಸಂಭಾವನೆ? "ಪಿಕ್ಚರ್ ಓಡ್ಲಿ, ಕೊಡ್ತೀನಿ ಮಾರಾಯ" ಅಂದರು ಒಬ್ಬ ನಿರ್ಮಾಪಕರು. ಪಿಕ್ಚರ್ ಎರಡೇ ವಾರಕ್ಕೆ ಮಕಾಡೆ ಮಲಗಿತು. ನನ್ನ ಬಾಕಿಯೂ ಅದರ ಪಕ್ಕದಲ್ಲೇ ಮಲಗಿತು!

ಆಷಾಢದಲ್ಲಿ ಉಪವಾಸ

ಹೊಟ್ಟೆ ತುಂಬಿಸಿದ್ದು ತಾರೆಯರಲ್ಲ, ಮದುವೆ ಛತ್ರಗಳು. ಅದಕ್ಕೂ ಪಂಚಾಂಗದ ಕಾಟ. ಆಷಾಢದಲ್ಲಿ ಮದುವೆಯಿಲ್ಲ, ಪಿತೃಪಕ್ಷದಲ್ಲಿಲ್ಲ, ಧನುರ್ಮಾಸದಲ್ಲಿಲ್ಲ. ಅಂಗಡಿ ಬಾಡಿಗೆಗೆ ಮಾತ್ರ ಯಾವ ಮಾಸವೂ ಅಶುಭವಲ್ಲ ನೋಡಿ! ಜೂನ್ ತಿಂಗಳ ಶಾಲಾ ಪ್ರವೇಶದ ಪಾಸ್‌ಪೋರ್ಟ್ ಫೋಟೋ, ಹೀರೋ ಆಗಬೇಕೆಂದು ಬರುವ ಹುಡುಗರ ಆಲ್ಬಂ, ಬಸವನಗುಡಿಯ ಸಭೆ ಸಮಾರಂಭ, ಇವೇ ಆ ದಿನಗಳ ಅನ್ನ.

ಆಮೇಲೆ ಡಿಜಿಟಲ್ ಬಂತು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯೇ ಬಾಗಿಲು ಹಾಕಿತು. ರೋಲಿನ ಖರ್ಚು ಉಳಿಯಿತು ನಿಜ, ಆದರೆ ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಬಂದು ಕೂತಿತು. ಪಾಸ್‌ಪೋರ್ಟ್ ಫೋಟೋಗೆ ಬರುವವರೂ ಕಡಿಮೆಯಾದರು.

ಹಕ್ಕು ಯಾರದ್ದು?

ಇನ್ನೊಂದು ಮಾತು ಹೊಸಬರಿಗೆ ಗೊತ್ತೇ ಇರೋದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಒಬ್ಬರು ಹಣ ಕೊಟ್ಟು ತೆಗೆಸಿದ ಫೋಟೋದ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರದೇ! ತೆಗೆದವನದಲ್ಲ. ಆದ್ದರಿಂದ ಕ್ಯಾಮೆರಾ ಎತ್ತುವ ಮೊದಲೇ ಕಾಗದದ ಮೇಲೆ ಬರೆಸಿಕೊಳ್ಳಿ. ಅರ್ಧ ಹಣ ಮುಂಗಡ, ಉಳಿದರ್ಧ ಆಲ್ಬಂ ಕೈಗಿಡುವ ಮೊದಲು. ನೆಂಟರಾದರೂ ಅಷ್ಟೇ, ತಾರೆಯಾದರೂ ಅಷ್ಟೇ.

ಹಾಗಾದರೆ ಈ ದಾರಿ ಬೇಡವೇ? ಹಾಗಂದೆನೇ! ಮೈಸೂರಿನ ಟಿ.ಎಸ್. ಸತ್ಯನ್ ಕ್ಯಾಮೆರಾ ಹಿಡಿದೇ ಯೂನಿಸೆಫ್, ವಿಶ್ವ ಆರೋಗ್ಯ ಸಂಸ್ಥೆಗಳವರೆಗೆ ಹೋದರು. 1977ರಲ್ಲಿ ಪದ್ಮಶ್ರೀ ಅವರನ್ನು ಹುಡುಕಿಕೊಂಡು ಬಂತು. ಆದರೆ ಅಪ್ಪನ ಗ್ರಾಚ್ಯುಟಿ ಸುರಿದು ದುಬಾರಿ ಲೆನ್ಸ್ ಕೊಳ್ಳಬೇಡಿ. ಮೊದಲು ಬಾಡಿಗೆ ಕ್ಯಾಮೆರಾದಲ್ಲಿ, ಭಾನುವಾರಗಳಲ್ಲಿ ದುಡಿಯಿರಿ. ಒಂದು ಪೂರ್ತಿ ಆಷಾಢದ ಮನೆ ಖರ್ಚನ್ನು ಆ ದುಡಿಮೆಯೇ ಹೊತ್ತರೆ, ಆಗ ಧೈರ್ಯವಾಗಿ ಕೈಲಿರುವ ನೌಕರಿ ಬಿಡಿ. ಅಲ್ಲಿವರೆಗೆ ಸಂಬಳವೇ ನಿಮ್ಮ ಫ್ಲ್ಯಾಶು!